ಹೆಸರು ಕೊನೆಗೆ ಹೇಳುವವರು

ಹೋದ ತಿಂಗಳು ಮಗಳ ಗೆಳತಿಯ ಹುಟ್ಟುಹಬ್ಬಕ್ಕೆಂದು ಡಬ್ಲಿನ್ನಿನ ಕ್ಯಾಸಲ್‌ನಾಕ್‌ಗೆ ಹೋಗಬೇಕಾಯಿತು. ಅಲ್ಲಿಂದ ಡ್ರೋಹೆಡಾಕ್ಕೆ ಮನೆ ಬದಲಾಯಿಸಿ ಎರಡು ವರ್ಷವಾಗಿದೆ, ಅಲ್ಲಿಂದೀಚೆಗೆ ನಾನು ಆ ಕಡೆ ತಲೆ ಹಾಕಿರಲಿಲ್ಲ. ಹಾಕಬಾರದೆಂದೇ ಇದ್ದೆ. ಮಗಳನ್ನು ಬಿಟ್ಟು, ಕಾರಿನಲ್ಲಿ ಕೂತು ಕಿಟಕಿ ಇಳಿಸಿದರೆ ಯಾರದೋ ಮನೆಯ ಚಿಮಣಿಯಿಂದ ಹೊಗೆ ಬಂತು. ಇಲ್ಲಿ ಜವುಗು ನೆಲದ ಮಣ್ಣನ್ನು ಒತ್ತಿ ಒಣಗಿಸಿ ಇಟ್ಟಿಗೆ ಮಾಡಿ ಚಳಿಗೆ ಉರಿಸುತ್ತಾರೆ. ಅರ್ಧ ಸುಟ್ಟ ತೆಂಗಿನ ನಾರಿನ ವಾಸನೆ, ಅರ್ಧ ಹಸಿ ಮಣ್ಣಿನ ವಾಸನೆ. ಮೂಗಿಗೆ ಬಿದ್ದ ಕೂಡಲೇ ಕಿಟಕಿ ಏರಿಸಿದೆ. ಆಗ ನಮ್ಮ ಪಕ್ಕದ ಮನೆಯಲ್ಲಿದ್ದ ಡರ್ಮಟ್ ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೂ ಅದನ್ನೇ ಉರಿಸುತ್ತಿದ್ದರು. ಆ ಎಂಟು ತಿಂಗಳಲ್ಲಿ ಬಹುಪಾಲು ದಿನ ನಾನು ಆ ಮನುಷ್ಯನನ್ನು ಕಳ್ಳ ಎಂದೇ ತಿಳಿದಿದ್ದೆ.

ನನ್ನ ಕಸುಬು ಏನೆಂದು ಮೊದಲು ಹೇಳಿಬಿಡುತ್ತೇನೆ. ಹದಿನೆಂಟು ವರ್ಷದಿಂದ ಸಿನಿಮಾ ಹಾಡು ಮಾಡುತ್ತಿದ್ದೇನೆ, ಹೆಸರಾಂತ ಸಂಗೀತ ನಿರ್ದೇಶಕರೊಬ್ಬರ ಹಿಂದೆ ಕೂತು. ಅವರನ್ನು ಎಲ್ಲರೂ ಸರ್ ಅಂತಲೇ ಕರೆಯುವುದು, ಇಲ್ಲೂ ಹಾಗೇ ಇರಲಿ. ಸರ್ ಬೆಂಗಳೂರಿನಿಂದ ಫೋನಿನಲ್ಲಿ ಎರಡು ಸಾಲು ಗುನುಗಿ ಕಳಿಸುತ್ತಾರೆ. ಕೆಲವು ಸಲ ಗುನುಗುವುದೂ ಇಲ್ಲ, ‘ಒಂದು ಮಳೆ ಹಾಡು ಬೇಕಮ್ಮ, ಹೀರೋ ಸ್ವಲ್ಪ ಕುಡಿದಿರ್ತಾನೆ’ ಎಂದು ಹೇಳಿ ಇಟ್ಟುಬಿಡುತ್ತಾರೆ. ಅದಕ್ಕೆ ಟ್ಯೂನ್ ಹೊಂದಿಸಿ, ತಬಲಾ, ಗಿಟಾರು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕೂರಿಸಿ, ಕೊನೆಗೆ ಟ್ರ್ಯಾಕ್ ಹಾಡುವುದು ನನ್ನ ಕೆಲಸ. ಟ್ರ್ಯಾಕ್ ಅಂದರೆ ಇಷ್ಟೇ: ದೊಡ್ಡ ಗಾಯಕಿ ಬರುವ ಮುಂಚೆ, ಅವರು ಕೇಳಿ ಕಲಿಯಲೆಂದು ನಾನು ಪೂರ್ತಿ ಹಾಡಿಡುತ್ತೇನೆ. ಅವರು ಬಂದು, ನಾನು ಎಲ್ಲಿ ಉಸಿರು ತೆಗೆದುಕೊಂಡಿದ್ದೆನೋ ಅಲ್ಲೇ ಉಸಿರು ತೆಗೆದುಕೊಂಡು, ಹಾಡಿ ಹೋಗುತ್ತಾರೆ. ಆಮೇಲೆ ನನ್ನ ದನಿಯನ್ನು ಅಳಿಸುತ್ತಾರೆ.

ಒಂದು ಸಲ ಅರಸೀಕೆರೆಯಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ. ಆರತಕ್ಷತೆಯಲ್ಲಿ ವಾದ್ಯದವರು ಬಾರಿಸಿದ ಐದು ಹಾಡಿನಲ್ಲಿ ಎರಡು ನನ್ನವು. ಪಕ್ಕದ ಎಲೆಯಲ್ಲಿ ಕೂತಿದ್ದ ಸೋದರತ್ತೆ ತಲೆದೂಗುತ್ತ, ‘ಎಂಥಾ ಟ್ಯೂನ್ ಮಾಡ್ಯಾನೆ ಮಹಾನುಭಾವ’ ಎಂದರು. ನಾನು ಹೋಳಿಗೆ ತಿಂದೆ. ಹೇಳಿದರೆ ಯಾರು ನಂಬುತ್ತಿದ್ದರು? ನಂಬದಿದ್ದರೆ ನನಗೇ ಅವಮಾನ.

ಹೆಸರು ಬರದಿದ್ದರೆ ಹೋಗಲಿ, ಕದ್ದರೆ ಮಾತ್ರ ಸಹಿಸಲು ಆಗುತ್ತಿರಲಿಲ್ಲ. ಮೊದಮೊದಲು ಸ್ಟುಡಿಯೋ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತ ಒಂದು ಟ್ಯೂನ್ ಗುನುಗಿದ್ದೆ, ಎದುರಿಗೆ ಕೀಬೋರ್ಡ್ ನುಡಿಸುವವನೊಬ್ಬ ಇಡ್ಲಿ ತಿನ್ನುತ್ತಿದ್ದ. ಮೂರು ತಿಂಗಳಿಗೆ ಅದೇ ಟ್ಯೂನ್ ಅಗರಬತ್ತಿಯ ಜಾಹೀರಾತಾಗಿ ಟಿವಿಯಲ್ಲಿ ಬಂತು. ಕೇಳಿದರೆ ಅವನು, ‘ಸ್ವರ ಏಳೇ ಅಲ್ವೇನ್ರಿ ಮೇಡಂ’ ಎಂದು ಹಲ್ಲು ಗಿಂಜಿದ. ಅವತ್ತಿನಿಂದ ನಾಲ್ಕು ಜನರ ಮುಂದೆ ಬಾಯಿ ಬಿಡುವುದನ್ನೇ ಬಿಟ್ಟೆ. ಬಚ್ಚಲಲ್ಲಿ ಹಾಡಿಕೊಳ್ಳುವಾಗಲೂ ಮೊದಲು ಕಿಟಕಿ ಮುಚ್ಚುತ್ತಿದ್ದೆ. ಗಂಡ ಗಿರೀಶ ನಗುತ್ತಿದ್ದ. ನಗಲಿ, ಅವನು ಲೀಕ್ಸ್‌ಲಿಪ್‌ನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವವನು, ಅವನ ಕೆಲಸವನ್ನು ಯಾರೂ ಗುನುಗಿಕೊಂಡು ಹೋಗಲಾರರು.

ಮೂರು ವರ್ಷದ ಹಿಂದೆ ಸೆಪ್ಟೆಂಬರಿನಲ್ಲಿ ನಾವು ಕ್ಯಾಸಲ್‌ನಾಕ್‌ನ ಆ ಮನೆಗೆ ಹೋದೆವು. ಎರಡು ಮನೆಗೆ ಸೇರಿ ನಡುವೆ ಒಂದೇ ಗೋಡೆ. ಮೇಲಿನ ಪುಟ್ಟ ಕೋಣೆ, ಮಂಚ ಹಾಕಿದರೆ ಬಾಗಿಲು ತೆರೆಯದಷ್ಟು ಪುಟ್ಟದು, ನನ್ನ ಸ್ಟುಡಿಯೋ ಆಯಿತು. ಗೋಡೆಗೆ ಹಳೆಯ ರಜಾಯಿಗಳನ್ನು ಮೊಳೆ ಹೊಡೆದು ತೂಗುಹಾಕಿದೆ. ಮಗಳು ಅನ್ವಿ ಶಾಲೆಗೆ, ಗಿರೀಶ ಶಿಫ್ಟಿಗೆ ಹೋದ ಮೇಲೆ ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಅಲ್ಲಿ ಸರ್‌ಗೆ ಊಟದ ಹೊತ್ತು. ಸರಿಯಾಗಿತ್ತು ಲೆಕ್ಕಾಚಾರ. ಸರಿಯಿಲ್ಲದ್ದು ಒಂದೇ, ಹತ್ತು ಗಂಟೆಗೆ ಗೋಡೆಯಾಚೆಯಿಂದ ಪಿಟೀಲು ಶುರುವಾಗುತ್ತಿತ್ತು.

ಡರ್ಮಟ್‌ಗೆ ಎಪ್ಪತ್ತರ ಮೇಲೆ ವಯಸ್ಸು. ಬಸ್ ಓಡಿಸಿ ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದರು, ಮಗಳು ಊನಾ ಭಾನುವಾರ ಬಂದು ಹೋಗುತ್ತಿದ್ದಳು. ಉದ್ದಕ್ಕಿದ್ದರು, ಕಿವಿ ಮಾತ್ರ ಆ ಮುಖಕ್ಕೆ ದೊಡ್ಡದು. ಅವರು ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ, ನನಗೆ ಅದೆಲ್ಲ ಯಾಕೋ ಕನ್ನಡದಲ್ಲೇ ನೆನಪಿದೆ. ಮೊದಲ ವಾರ ಕಸದ ಡಬ್ಬಿ ಹೊರಗಿಡುವಾಗ ಸಿಕ್ಕರು. ನನ್ನನ್ನು ನೋಡಿ ಟೋಪಿ ಎತ್ತಿ, ‘ಹಾಡೋಳು ನೀನೇ ಅಲ್ವಾ? ನನಗೆ ಎಲ್ಲಾ ಕೇಳ್ಸುತ್ತೆ’ ಎಂದರು.

‘ತೊಂದ್ರೆ ಆಗ್ತಿದ್ರೆ ಹೇಳಿ,’ ಎಂದೆ.

‘ತೊಂದ್ರೆನಾ? ಗ್ರ್ಯಾಂಡ್ ಆಗಿದೆ. ನೀನು ನಿಲ್ಲಿಸೋವರೆಗೂ ಕಾದು ಆಮೇಲೆ ನಾನು ಶುರು ಮಾಡ್ತೀನಿ.’

ಒಳಗೆ ಬಂದವಳೇ ಇನ್ನೊಂದು ರಜಾಯಿ ಹೊಡೆದೆ.

ಅಕ್ಟೋಬರಿನಲ್ಲಿ ಅನ್ವಿಗೆ ಜ್ವರ ಬಂತು. ನಾಲ್ಕು ದಿನ ಮಳೆ, ನಾಲ್ಕು ದಿನ ಅವಳು ನನ್ನ ತೊಡೆ ಬಿಡಲಿಲ್ಲ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗು ಆ ಜ್ವರದಲ್ಲಿ ‘ಅಮ್ಮ, ನೀರು’ ಎಂದಳು. ಅವಳ ಬೆನ್ನು ಸವರುತ್ತ ಏನನ್ನೋ ಹಾಡತೊಡಗಿದೆ. ಮೊದಲ ದಿನ ನಾಲ್ಕು ಸ್ವರ, ಎರಡನೆಯ ದಿನ ಅದಕ್ಕೊಂದು ಏರಿಕೆ, ನಾಲ್ಕನೆಯ ದಿನ ಇಳಿದು ಬಂದು ಮನೆ ಸೇರಿತು. ಯಾರೂ ಕೇಳಿದ್ದಲ್ಲ, ಯಾವ ಹೀರೋಗೂ ಅಲ್ಲ. ಇಷ್ಟು ವರ್ಷದಲ್ಲಿ ನಾನು ಮಾಡಿದ್ದರಲ್ಲೆಲ್ಲ ಒಳ್ಳೆಯದು ಅದೇ ಎಂದು ನನಗೆ ಆಗಲೇ ಗೊತ್ತಾಗಿತ್ತು. ಅಂಥದ್ದು ಗೊತ್ತಾಗದೇ ಇರುವುದಿಲ್ಲ.

ಅದೇ ಹೊತ್ತಿಗೆ ಸರ್ ಫೋನ್ ಮಾಡಿ, ತಾಯಿ ಮಗಳು ಬೇರೆಯಾಗುವ ಸನ್ನಿವೇಶಕ್ಕೆ ಒಂದು ಹಾಡು ಬೇಕೆಂದರು. ‘ನನ್ನ ಹತ್ರ ಒಂದಿದೆ ಸರ್’ ಎಂದು ಬಾಯಿ ತಪ್ಪಿ ಅಂದುಬಿಟ್ಟೆ. ಎರಡು ಸಾಲು ಫೋನಿನಲ್ಲೇ ಹಾಡಿದೆ.

‘ಕಳ್ಸಮ್ಮ ಇವತ್ತೇ.’

‘ಸರ್, ಇದಕ್ಕೆ ನನ್ನ ಹೆಸರು ಬೇಕು. ಸಂಗೀತ ಅನ್ನೋ ಕಡೆ, ನಿಮ್ಮ ಹೆಸರಿನ ಜೊತೆಗೆ.’ ಹದಿನೈದು ವರ್ಷದಲ್ಲಿ ಮೊದಲ ಸಲ ಕೇಳಿದ್ದೆ.

‘ನೋಡೋಣಮ್ಮ, ನೀನೇನು ಹೊರಗಿನವಳಾ,’ ಎಂದರು.

‘ನೋಡೋಣ’ ಅಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತು. ಹೆಸರಿನ ಮಾತು ಕಾಗದದ ಮೇಲೆ ಬರುವವರೆಗೂ ಟ್ಯೂನ್ ಕೊಡುವುದಿಲ್ಲ ಎಂದು ಪಟ್ಟು ಹಿಡಿದು ಕೂತೆ. ಸರ್‌ಗೆ ಬೇರೆ ದಾರಿ ಇರಲಿಲ್ಲ, ಅವರ ಕಿವಿಗೆ ಬಿದ್ದದ್ದು ಎರಡೇ ಸಾಲು. ಜೀವನದಲ್ಲಿ ಒಂದೇ ಒಂದು ಸಲ ಜುಟ್ಟು ನನ್ನ ಕೈಯಲ್ಲಿತ್ತು. ಆ ಚಳಿಗಾಲ ಪೂರ್ತಿ ನಾನು ಕಾಯಬೇಕಾಗಿದ್ದುದು ಇಷ್ಟೇ: ಸರ್ ಮಣಿಯುವವರೆಗೂ ಟ್ಯೂನ್ ಹೊರಗೆ ಹೋಗಬಾರದು.

ನವೆಂಬರಿನ ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದೆ. ಗೋಡೆಯಾಚೆ ಪಿಟೀಲು ನನ್ನ ನಾಲ್ಕು ಸ್ವರ ನುಡಿಸಿತು. ಕೈಯಲ್ಲಿದ್ದ ಲೋಟ ಕೈಯಲ್ಲೇ ಉಳಿಯಿತು. ಮತ್ತೆ ನುಡಿಸಿತು, ಈ ಸಲ ಏರಿಕೆಯನ್ನೂ ಸೇರಿಸಿ.

ಸಂಜೆ ಗಿರೀಶನಿಗೆ ಹೇಳಿದರೆ, ‘ಪಾಪ, ಅವ್ರೇನ್ ಮಾಡ್ಬೇಕು? ಗೋಡೆ ಬಿಸ್ಕತ್ ಥರ ಇದೆ. ಒಂದು ತಿಂಗ್ಳಿಂದ ನೀನು ಅದನ್ನೇ ಹಾಡ್ತಿದ್ರೆ ನಂಗೂ ಬಂದ್ಬಿಟ್ಟಿದೆ’ ಎಂದ.

‘ನಿಂಗೆ ಬಂದ್ರೆ ಏನೂ ಆಗಲ್ಲ. ಅವ್ರು ಭಾನುವಾರ ಪಬ್‌ನಲ್ಲಿ ನುಡಿಸ್ತಾರೆ.’

‘ನುಡಿಸ್ಲಿ ಬಿಡು ಮಾರಾಯ್ತಿ.’

ಅನ್ವಿ ಹೋಂವರ್ಕಿನಿಂದ ತಲೆಯೆತ್ತಿ ಅವಳ ಐರಿಶ್ ರಾಗದಲ್ಲಿ, ‘ಮ್ಯಾಮ್, ಹೀ ಈಸ್ ಓನ್ಲಿ ಪ್ಲೇಯಿಂಗ್’ ಎಂದಳು. ಅಪ್ಪ ಮಗಳು ಒಂದಾದರೆ ನನ್ನ ಮಾತು ನಡೆಯುವುದಿಲ್ಲ. ಆದರೆ ಪರೀಕ್ಷೆ ಮಾಡದೆ ಬಿಡುವವಳಲ್ಲ. ಮರುದಿನ ಬೇಕೆಂದೇ ಇಳಿಕೆಯಲ್ಲಿ ಒಂದು ಸ್ವರ ಬದಲಿಸಿ, ಗೋಡೆಗೆ ಬಾಯಿ ಹತ್ತಿರ ತಂದು ಐದಾರು ಸಲ ಹಾಡಿದೆ. ಹತ್ತು ಗಂಟೆಗೆ ಪಿಟೀಲು ಬದಲಿಸಿದ ಸ್ವರವನ್ನೇ ಹಿಡಿಯಿತು. ಅದರ ಮರುದಿನ ಹಳೆಯದಕ್ಕೆ ವಾಪಸಾದೆ, ಪಿಟೀಲೂ ವಾಪಸಾಯಿತು. ಇನ್ನೇನು ಸಾಕ್ಷಿ ಬೇಕು? ಮನುಷ್ಯ ಗೋಡೆಗೆ ಕಿವಿ ಕೊಟ್ಟೇ ಕೂತಿದ್ದಾರೆ. ಅಷ್ಟು ದೊಡ್ಡ ಕಿವಿ ಸುಮ್ಮನೆ ಬಂದಿದ್ದಲ್ಲ ಎಂದೆಲ್ಲ ಅಂದುಕೊಂಡೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ ಅವರ ಪಬ್‌ಗೆ ಹೋದೆ, ಬೇಹುಗಾರಿಕೆಗೆ. ಗಿರೀಶನಿಗೆ ಫೀನಿಕ್ಸ್ ಪಾರ್ಕಿನಲ್ಲಿ ನಡೆದು ಬರುತ್ತೇನೆ ಎಂದು ಸುಳ್ಳು ಹೇಳಿದ್ದೆ. ಒಂದು ಮೂಲೆಯಲ್ಲಿ ಆರೇಳು ಜನ ಸುತ್ತ ಕೂತು ನುಡಿಸುತ್ತಿದ್ದರು. ಎರಡು ಪಿಟೀಲು, ಒಂದು ಕೊಳಲು, ಹಾರ್ಮೋನಿಯಂ ಥರ ತಿದಿ ಎಳೆದು ನುಡಿಸುವ ಒಂದು ಕೈಪೆಟ್ಟಿಗೆ. ಮೈಕಿಲ್ಲ, ವೇದಿಕೆಯಿಲ್ಲ, ಕೇಳುವವರಿಗೆ ಬೆನ್ನು ಹಾಕಿ ಕೂತಿದ್ದರು. ಇದೆಂಥ ಕಛೇರಿ ಎನಿಸಿತು. ಒಂದೊಂದು ಮುಗಿದ ಮೇಲೂ ಯಾರಾದರೂ ಒಬ್ಬರು ಏನೋ ಗೊಣಗುತ್ತಿದ್ದರು, ಉಳಿದವರು ತಲೆಯಾಡಿಸುತ್ತಿದ್ದರು. ಗಲಾಟೆಯಲ್ಲಿ ಅದೇನೆಂದು ಕೇಳಿಸಲಿಲ್ಲ, ಕೇಳುವ ಮನಸ್ಸೂ ಇರಲಿಲ್ಲ. ನನ್ನ ಟ್ಯೂನ್ ಬರುತ್ತದೆಯೇ ಎಂದು ಮೈಯೆಲ್ಲ ಕಿವಿಯಾಗಿಸಿ ಕೂತಿದ್ದೆ.

ಬರಲಿಲ್ಲ. ನನ್ನನ್ನು ನೋಡಿ ಡರ್ಮಟ್ ಕೈಯೆತ್ತಿದರು, ಪಿಟೀಲು ಪಕ್ಕಕ್ಕಿಟ್ಟು ಎದ್ದು ಬಂದರು. ನೋಡಿದ ತಕ್ಷಣ ನಿಲ್ಲಿಸಿದರಲ್ಲ, ಅದೇ ಗುಮಾನಿಗೆ ಸಾಕಾಯಿತು. ಕಿತ್ತಳೆ ರಸ ತಂದುಕೊಟ್ಟು ಎದುರು ಕೂತು, ‘ನಿನ್ನನ್ನ ಒಂದು ಮಾತು ಕೇಳ್ಬೇಕು ಅಂತಿದ್ದೆ. ಆ ನಿಧಾನದ್ದು ಇದ್ಯಲ್ಲ, ಮಗುಗೆ ಹಾಡ್ತಿದ್ದೆ ನೋಡು. ಅದು ಯಾರಿಂದ ಬಂತು ನಿನಗೆ?’ ಎಂದರು.

‘ಯಾರಿಂದಲೂ ಬಂದಿಲ್ಲ. ನಂದೇ.’

‘ನೀನೇ ಮಾಡಿದ್ದಾ? ಅಮ್ಮ, ಅಜ್ಜಿ ಯಾರೂ ಹಾಡ್ತಿರ್ಲಿಲ್ವಾ?’

‘ಇಲ್ಲ. ಯಾಕೆ ಕೇಳ್ತೀರಿ?’

‘ಸುಮ್ನೆ. ಸರಿಯಾಗಿ ಗೊತ್ತಿರ್ಬೇಕು ನೋಡು.’ ನನ್ನ ಹೆಸರನ್ನು ಎರಡು ಸಲ ಹೇಳಿಸಿದರು, ನಾಲಿಗೆ ತಿರುಗಿಸಿ ಅಭ್ಯಾಸ ಮಾಡಿದರು. ‘ನಿನ್ನ ಊರು ಯಾವುದು?’

ಹಳೆಯದೋ ಹೊಸದೋ ವಿಚಾರಿಸುತ್ತಿದ್ದಾರೆ, ಹಳೆಯದಾದರೆ ಯಾರಪ್ಪನ ಸೊತ್ತೂ ಅಲ್ಲ, ಹೊಡೆಯಲು ಸುಲಭ, ಹೀಗೆ ಓಡಿತು ನನ್ನ ತಲೆ. ಇಂಥವರಿಗೆ ನಿಜ ಯಾಕೆ ಹೇಳಬೇಕೆಂದು ಅರಸೀಕೆರೆ ಬದಲು ‘ಬೆಂಗಳೂರು’ ಎಂದೆ. ಕಿತ್ತಳೆ ರಸ ಅರ್ಧಕ್ಕೇ ಬಿಟ್ಟು ಬಂದೆ. ಅಲ್ಲಿಂದ ಮುಂದೆ ಪಕ್ಕದ ಮನೆಯ ಬಾಗಿಲು ತೆರೆದ ಸದ್ದಾದರೆ ನಾನು ಹೊರಗೆ ಹೋಗುತ್ತಿರಲಿಲ್ಲ. ಕ್ರಿಸ್‌ಮಸ್‌ಗೆ ಅವರು ಅನ್ವಿಗೊಂದು ಡಬ್ಬಿ ಬಿಸ್ಕತ್ತು ಕೊಟ್ಟರು. ಲಂಚ ಎಂದು ಅದನ್ನೂ ನಾನು ಮುಟ್ಟಲಿಲ್ಲ, ಅಪ್ಪ ಮಗಳು ಎರಡೇ ದಿನಕ್ಕೆ ಮುಗಿಸಿದರು.

ಜನವರಿಯಲ್ಲಿ ಸರ್ ಸಡಿಲವಾಗುತ್ತ ಬಂದರು. ‘ಜೊತೆಗೆ ಅಂತ ಹಾಕಕ್ಕಾಗಲ್ಲಮ್ಮ, ಕೆಳಗಡೆ ಹಾಕ್ಸೋಣ’ ಎಂದರು. ಕೆಳಗಾದರೂ ಪರವಾಗಿಲ್ಲ, ಬರೆದುಕೊಡಿ ಎಂದೆ. ‘ಮುಂದಿನ ವಾರ ಮ್ಯಾನೇಜರ್ ಕೈಲಿ ಕಳ್ಸ್ತೀನಿ’ ಎಂದರು. ಅವರ ದನಿಯಲ್ಲಿ ಅಷ್ಟು ಆಯಾಸವನ್ನು ನಾನು ಯಾವತ್ತೂ ಕೇಳಿರಲಿಲ್ಲ. ಇನ್ನೊಂದು ವಾರ, ಅಷ್ಟೇ.

ಆ ವಾರದಲ್ಲೇ ಒಂದು ಶನಿವಾರ ಅನ್ವಿ ಟ್ಯಾಬ್ ಹಿಡಿದುಕೊಂಡು ಓಡಿ ಬಂದಳು. ಡರ್ಮಟ್ ವಿಡಿಯೋದಲ್ಲಿದ್ದಾರೆ ನೋಡು ಎಂದಳು. ಅವರ ಮಗಳು ಊನಾ ಹಾಕಿದ್ದಳು. ಮೇಲೆ ‘ಡರ್ಮಟ್, ಪಿಟೀಲು, ನಿಧಾನದ ಒಂದು ರಾಗ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಕೆಳಗೆ ಏನೂ ಇಲ್ಲ. ಕಣ್ಣು ಮುಚ್ಚಿಕೊಂಡು ಅವರು ನನ್ನ ನಾಲ್ಕು ಸ್ವರ ಎತ್ತಿಕೊಂಡರು. ಏರಿಕೆ ಬರುವಷ್ಟರಲ್ಲಿ ನಾನು ಟ್ಯಾಬ್ ಕಿತ್ತು ಆರಿಸಿಬಿಟ್ಟೆ. ಅಷ್ಟು ನೋಡಿದರೆ ಸಾಕಲ್ಲ? ನಮ್ಮ ಕಸುಬಿನಲ್ಲಿ ಹೆಸರು ಮೇಲಿರುತ್ತದೆ. ಪೋಸ್ಟರಿನಲ್ಲಿ ಮೇಲೆ, ಹಾಡು ಶುರುವಾಗುವ ಮುಂಚೆ ಪರದೆಯ ಮೇಲೆ. ಅಲ್ಲಿ ಇಲ್ಲದಿದ್ದರೆ ಎಲ್ಲೂ ಇರುವುದಿಲ್ಲ. ಹದಿನೈದು ವರ್ಷ ನೋಡಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಅವರ ಬಾಗಿಲು ತಟ್ಟಿ ಕೇಳಬಹುದಿತ್ತು. ಕೇಳಿದರೆ ಅಗರಬತ್ತಿಯವನ ಹಾಗೆ ಹಲ್ಲು ಗಿಂಜಿದರೆ? ನಾನು ಸರ್‌ಗೆ ಫೋನ್ ಮಾಡಿದೆ.

‘ಸರ್, ಇಲ್ಲೊಬ್ರು ನಮ್ಮ ಟ್ಯೂನ್ ಹೊಡೆದು ಹೊರಗೆ ಬಿಟ್ಟಿದ್ದಾರೆ.’ ನಮ್ಮ ಎಂದೆ, ನನ್ನ ಎನ್ನಲಿಲ್ಲ.

‘ಯಾರು?’

‘ಪಕ್ಕದ ಮನೆಯವ್ರು. ವಿಡಿಯೋ ಇದೆ, ಕಳಿಸ್ತೀನಿ.’

‘ನೋಡಿದ್ಯಾ, ಇಟ್ಕೊಂಡು ಕೂತ್ಕೊಂಡ್ರೆ ಹೀಗೇ ಆಗೋದು,’ ಎಂದರು ಸರ್, ಮೆತ್ತಗೆ. ‘ಪೂರ್ತಿ ಟ್ರ್ಯಾಕ್ ಈಗ್ಲೇ ಕಳ್ಸು. ನನ್ನ ಹೆಸರಲ್ಲಿ ರಿಜಿಸ್ಟರ್ ಆಗ್ಲಿ, ಆಮೇಲೆ ಆಡಿಯೋ ಕಂಪನಿಯವ್ರು ಅವ್ರನ್ನ ನೋಡ್ಕೋತಾರೆ. ಒಂದು ಪತ್ರ ಕಳ್ಸ್ತೀನಿ, ಸೈನ್ ಹಾಕಿ ವಾಪಸ್ ಕಳ್ಸು. ಬೇಗ.’

ಪತ್ರ ಅರ್ಧ ಗಂಟೆಯಲ್ಲಿ ಬಂತು. ಟ್ಯೂನ್ ಸರ್ ಅವರದು, ನಾನು ಅವರ ಹೇಳಿಕೆಯಂತೆ ಕೆಲಸ ಮಾಡಿದವಳು, ನನ್ನ ಹಕ್ಕು ಏನೂ ಇಲ್ಲ ಎಂದಿತ್ತು. ಓದಿದೆ. ಓದಿಯೇ ಸೈನ್ ಹಾಕಿದೆ. ಹೆಸರಿನ ಮಾತು ಸರ್ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪಕ್ಕದ ಮನೆಯವರ ಪಾಲಾಗುವುದಕ್ಕಿಂತ ಸರ್ ಪಾಲಾಗಲಿ ಎನಿಸಿತ್ತು ಆ ಗಳಿಗೆಯಲ್ಲಿ. ಗಿರೀಶ ಶಿಫ್ಟ್ ಮುಗಿಸಿ ಬಂದು ಕೇಳಿ, ಶೂ ಬಿಚ್ಚುತ್ತಿದ್ದವನು ಹಾಗೇ ಕೂತ. ‘ಕಳ್ಳ ಬರ್ತಾನೆ ಅಂತ ಮನೆ ಸಾಮಾನೆಲ್ಲ ಬೇರೆಯವ್ರಿಗೆ ಕೊಟ್ಬಿಟ್ಯಲ್ಲೇ’ ಎಂದ. ನಾನು ಅವನ ಮೇಲೂ ರೇಗಿದೆ.

ಏಪ್ರಿಲಿನಲ್ಲಿ ಹಾಡು ಬಿಡುಗಡೆಯಾಯಿತು. ಹೆಸರಾಂತ ಗಾಯಕಿ ಹಾಡಿದ್ದರು, ಚೆನ್ನಾಗಿಯೇ ಹಾಡಿದ್ದರು, ನಾನು ಉಸಿರು ತೆಗೆದುಕೊಂಡ ಕಡೆಯಲ್ಲೇ ಉಸಿರು. ಒಂದೇ ವಾರಕ್ಕೆ ಊರಿನಿಂದ, ಡಬ್ಲಿನ್ನಿನ ಕನ್ನಡದವರಿಂದ, ಎಲ್ಲ ಗುಂಪುಗಳಲ್ಲೂ ಅದೇ ಬಂತು. ಕೇಳಿ ಅತ್ತೆವು ಎಂದು ಬರೆದಿದ್ದರು. ಸಂಗೀತ ಎಂಬಲ್ಲಿ ಸರ್ ಹೆಸರು. ನಾನು ಕೆಳಗೆ, ಕೆಳಗೆ, ಇನ್ನೂ ಕೆಳಗೆ ಹುಡುಕುತ್ತ ಹೋದೆ. ಸ್ಟುಡಿಯೋದಲ್ಲಿ ಚಹಾ ಕೊಟ್ಟವನ ಹೆಸರಿತ್ತು. ಅದೇ ವಾರ ಡರ್ಮಟ್ ವಿಡಿಯೋ ಮಾಯವಾಯಿತು. ಆ ಒಂದು ವಿಷಯಕ್ಕೆ ಮಾತ್ರ ನನಗೆ ಸಮಾಧಾನವಾಗಿತ್ತು.

ಮುಂದಿನ ಶನಿವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಡರ್ಮಟ್ ಕೋಟು ಹಾಕಿಕೊಂಡು, ತಲೆ ಬಾಚಿಕೊಂಡು, ಪ್ಲಾಸ್ಟಿಕ್ ಕವರಿನಲ್ಲಿ ಒಂದು ಕಾಗದ ಹಿಡಿದು ನಿಂತಿದ್ದರು. ಸಿಕ್ಕಿಬಿದ್ದು ಜಗಳಕ್ಕೆ ಬಂದಿದ್ದಾರೆ ಎಂದುಕೊಂಡೆ. ಅಡುಗೆಮನೆಯಲ್ಲಿ ಕೂರಿಸಿ ಚಹಾ ಇಟ್ಟೆ, ಬೈದರೆ ತಿರುಗಿಸಿ ಬೈಯಲು ಮಾತು ಜೋಡಿಸುತ್ತ.

‘ಸುಮನಾ,’ ಎಂದರು, ‘ನಿನಗೆ ಯಾರೋ ಮೋಸ ಮಾಡ್ತಿದ್ದಾರೆ.’

ನಾನು ಚಹಾ ಲೋಟ ಅವರ ಮುಂದಿಟ್ಟೆ.

‘ಇಂಡಿಯಾದ ಯಾವುದೋ ಕಂಪನಿಯಂತೆ. ನಾನು ನುಡಿಸಿದ್ದು ಅವರದು ಅಂತ ಹೇಳಿ ತೆಗೆಸಿದ್ದಾರೆ. ನಾನು ಊನಾಗೆ ಹೇಳ್ದೆ, ಸಾಧ್ಯನೇ ಇಲ್ಲ, ಅದು ಯಾರದು ಅಂತ ನನಗೆ ಗೊತ್ತು. ಅದು ಹುಟ್ಟಿದ್ದನ್ನ ಈ ಕಿವಿಯಲ್ಲಿ ಕೇಳಿದ್ದೀನಿ. ಮಗುಗೆ ಹುಷಾರಿಲ್ದಿದ್ದಾಗ ನೀನು ಶುರು ಮಾಡ್ದೆ. ಮೊದಲ ದಿನ ಚೂರು, ಆಮೇಲೆ ಮೇಲೆ ಹೋಯ್ತು, ನಾಲ್ಕನೇ ದಿನ ಮುಗೀತು. ನವೆಂಬರಲ್ಲಿ ಒಂದು ದಿನ ಒಂದು ಸ್ವರ ಬದಲಾಯಿಸಿ ನೋಡಿ ಮತ್ತೆ ಮೊದಲಿನದಕ್ಕೇ ಬಂದೆ. ಎಲ್ಲಾ ಬರೆದಿಟ್ಕೊಂಡಿದ್ದೀನಿ. ಎಲ್ಲಿಗೆ ಬೇಕಾದ್ರೂ ಬಂದು ಹೇಳ್ತೀನಿ.’

ಆಮೇಲೆ ಜೇಬಿನಿಂದ ಫೋನ್ ತೆಗೆದು, ಮಗಳು ಅದರಲ್ಲಿ ಉಳಿಸಿಕೊಟ್ಟಿದ್ದ ಆ ವಿಡಿಯೋ ಹಚ್ಚಿ ನನ್ನ ಮುಂದಿಟ್ಟರು. ಈ ಸಲ ಆರಿಸುವುದು ನನ್ನ ಕೈಯಲ್ಲಿರಲಿಲ್ಲ. ನಾಲ್ಕು ಸ್ವರ, ಏರಿಕೆ, ಇಳಿಕೆ, ಮತ್ತೊಂದು ಸಲ ಮೊದಲಿನಿಂದ. ಪಿಟೀಲಿನಲ್ಲಿ ಅದು ನನ್ನ ಮಗಳ ಬಿಸಿ ಬೆನ್ನಿನ ಹಾಗೇ ಇತ್ತು. ನುಡಿಸಿ ಮುಗಿಸಿ, ಕಣ್ಣು ತೆರೆದು, ಕಮಾನನ್ನು ತೊಡೆಯ ಮೇಲಿಟ್ಟುಕೊಂಡು, ವಿಡಿಯೋದೊಳಗಿನ ಡರ್ಮಟ್ ಹೇಳಿದರು: ‘ಇದು ನನಗೆ ಬಂದಿದ್ದು ಸುಮನಾ ಅವರಿಂದ. ಬೆಂಗಳೂರಿನವರು, ನನ್ನ ಪಕ್ಕದ ಮನೆ. ಯಾರಿಂದಲೂ ಕಲಿತಿದ್ದಲ್ಲ, ಮಗುವಿಗೆಂದು ಅವರೇ ಮಾಡಿದ್ದು.’ ಹೆಸರನ್ನು ನಾನು ಹೇಳಿಕೊಟ್ಟ ಹಾಗೇ ತಿದ್ದಿ ಹೇಳಿದ್ದರು. ನಾನು ಹೇಳಿದ ಸುಳ್ಳು ಊರೂ ಅದರಲ್ಲಿತ್ತು.

ಹದಿನೈದು ವರ್ಷದಲ್ಲಿ ನನ್ನ ಟ್ಯೂನಿನ ಜೊತೆ ನನ್ನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

‘ಈ ಕಾಗದದಲ್ಲಿ ಒಂದು ಜಾಗ ಇದೆ,’ ಎಂದರು ಡರ್ಮಟ್. ‘ಮಾಡಿದ್ದು ನೀನೇ ಅಂತ ನೀನು ಬರೆದುಕೊಟ್ರೆ ವಿಡಿಯೋನ ಮತ್ತೆ ಹಾಕ್ತಾರಂತೆ. ಎರಡು ವಾರ ಟೈಮ್ ಇದೆ. ಅವ್ರಿಗೆ ಯಾರು ಹೇಳಿದ್ರೋ, ಹೇಗೆ ಗೊತ್ತಾಯ್ತೋ.’

‘ಹೇಳಿದ್ದು ನಾನೇ,’ ಎಂದೆ.

‘ಏನು?’

‘ನೀವು ಕದ್ದಿದ್ದೀರಿ ಅಂತ. ನಾನೇ ಹೇಳಿದ್ದು.’

ಅವರು ಚಹಾ ಲೋಟ ಕೆಳಗಿಟ್ಟರು. ಕೋಪ ಬರಲಿ ಎಂದು ನಾನು ಕಾದೆ, ಬರಲಿಲ್ಲ. ಕೇಳಿದ್ದು ಇಷ್ಟೇ: ‘ಪೂರ್ತಿ ಕೇಳಿರ್ಲಿಲ್ವಾ?’

‘ಇಲ್ಲ.’

‘ನಾವು ಹೆಸರು ಕೊನೆಗೆ ಹೇಳೋದು,’ ಎಂದರು, ತಪ್ಪು ತಮ್ಮದೇ ಎನ್ನುವ ಹಾಗೆ. ‘ಮೊದಲು ನುಡಿಸ್ತೀವಿ, ಆಮೇಲೆ ಯಾರಿಂದ ಬಂತು ಅಂತ ಹೇಳ್ತೀವಿ. ಪಬ್‌ನಲ್ಲಿ ನೋಡಿದ್ಯಲ್ಲ, ಎಲ್ರೂ ಹೇಳ್ತಿದ್ರು.’ ಎದ್ದು, ಕುರ್ಚಿಯನ್ನು ಮೇಜಿನೊಳಗೆ ಸರಿಸಿ, ಕಾಗದವನ್ನು ನನಗೇ ಬಿಟ್ಟು ಹೋದರು.

ಗಿರೀಶ ಬರೆ ಎಂದ. ‘ಸರ್ ಹೋದ್ರೆ ಹೋಗ್ಲಿ. ಸೈನ್ ಹಾಕಿದ್ರೆ ಏನಾಯ್ತು, ನಿಜ ನಿಜನೇ. ಮುದುಕ್ರು ಸಾಕ್ಷಿ ಹೇಳ್ತೀನಿ ಅಂತಿದಾರೆ.’ ನಾನು ಪೆನ್ನು ಹಿಡಿದು ಎಷ್ಟು ಸಲ ಕೂತೆನೋ. ಬರೆದರೆ ಸರ್ ಮತ್ತೆ ಫೋನ್ ಮಾಡುವುದಿಲ್ಲ, ಸರ್ ಮಾಡದಿದ್ದರೆ ಗಾಂಧಿನಗರದಲ್ಲಿ ಇನ್ಯಾರೂ ಮಾಡುವುದಿಲ್ಲ. ಹೆಸರಿಲ್ಲದವಳಿಗೆ ಕೆಲಸವೂ ಇಲ್ಲದೆ ಹೋದರೆ ನಾನು ಯಾರು? ಮೊದಲ ವಾರ ಹೋಯಿತು. ಎರಡನೆಯ ವಾರದ ಮಧ್ಯೆ ಸರ್ ಫೋನ್ ಬಂತು. ‘ಹಾಡು ಸೂಪರ್ ಹಿಟ್ ಅಮ್ಮ. ಈಗೊಂದು ಜೋಗುಳ ಬೇಕಿತ್ತು, ಅದೇ ಥರದ್ದು’ ಎಂದರು. ಆಗಲಿ ಸರ್ ಎಂದೆ. ಕಾಗದದ ಗಡುವು ಮುಗಿದ ದಿನ ನಾನು ಆ ಜೋಗುಳಕ್ಕೆ ಟ್ರ್ಯಾಕ್ ಹಾಡುತ್ತಿದ್ದೆ.

ಅಷ್ಟರಲ್ಲಿ ಗೋಡೆಯಾಚೆ ಪಿಟೀಲು ನಿಂತು ಎಷ್ಟೋ ದಿನವಾಗಿತ್ತು. ಹತ್ತು ಗಂಟೆಯಾದರೆ ನನ್ನ ಕೈ ತಾನಾಗಿ ನಿಲ್ಲುತ್ತಿತ್ತು. ಹಾಳು ಬುದ್ಧಿ ಆಗಲೂ ಸುಮ್ಮನಿರಲಿಲ್ಲ, ಲಾಯರನ್ನು ಹಿಡಿದಿರಬೇಕು, ಒಳಗೊಳಗೇ ಏನೋ ನಡೆಸಿರಬೇಕು ಎಂದು ಹೇಳುತ್ತಲೇ ಇತ್ತು. ಒಂದು ಭಾನುವಾರ ಅವರ ಮಗಳು ಊನಾ ಕಾರಿನಿಂದ ದಿನಸಿ ಇಳಿಸುತ್ತಿದ್ದಳು. ಗಟ್ಟಿ ಮನಸ್ಸು ಮಾಡಿ ಹೋಗಿ, ಅಪ್ಪ ಹುಷಾರಾಗಿದ್ದಾರಾ, ಪಿಟೀಲು ಕೇಳಿಸುತ್ತಲೇ ಇಲ್ಲ ಎಂದೆ.

‘ಗ್ರ್ಯಾಂಡ್ ಆಗಿದ್ದಾರೆ,’ ಎಂದಳು. ‘ಈಗ ಹಿತ್ತಲಿನ ಶೆಡ್‌ನಲ್ಲಿ ನುಡಿಸ್ತಾರೆ, ಹುಲ್ಲು ಕತ್ತರಿಸೋ ಮಷಿನ್ ಪಕ್ಕ ಕುರ್ಚಿ ಹಾಕ್ಕೊಂಡು.’

‘ಶೆಡ್‌ನಲ್ಲಾ? ಯಾಕೆ?’

ಊನಾ ಚೀಲ ಎತ್ತಿಕೊಂಡು, ನನ್ನ ಮುಖ ನೋಡದೆ ಹೇಳಿದಳು: ‘ನೀವು ಹಾಡೋದು ಕಿವಿಗೆ ಬೀಳಬಾರದಂತೆ. ಬಿದ್ರೆ ಬೆರಳು ತಾನಾಗೇ ಕಲಿತುಬಿಡುತ್ತೆ, ಏನು ಮಾಡ್ಲಿ ಅಂತಾರೆ.’